ಮನುಷ್ಯರ ವರ್ತನೆ ಮೇಲೆ ಪ್ರಯೋಗ ಮಾಡುವವರ ಗುಂಪು ಕಟ್ಟಬೇಕು, ಎಲ್ಲಿಂದ ಶುರು ಮಾಡಲಿ?

ಬೇಸ್‌ಲೈನ್_ಬಳ್ಳಿ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾನು ಮನಶ್ಶಾಸ್ತ್ರದಲ್ಲಿ ಎಂಎ ಮುಗಿಸಿ ನಾಲ್ಕು ವರ್ಷದಿಂದ ಮಾತು ತಡವಾದ ಮಕ್ಕಳ ಜೊತೆ ಕೆಲಸ ಮಾಡುತ್ತಿದ್ದೇನೆ. ಮಗು ಏನು ಮಾಡಿದರೆ ಏನು ಸಿಗಬೇಕು, ಯಾವಾಗ ಸಿಗಬೇಕು, ಎಷ್ಟು ಸಲಕ್ಕೊಮ್ಮೆ ಸಿಗಬೇಕು ಅಂತ ಯೋಚಿಸುವುದು, ಬರೆದಿಡುವುದು, ಗ್ರಾಫ್ ಹಾಕುವುದು, ಇದೇ ನನ್ನ ದಿನ. ಕೆಲಸ ಇಷ್ಟ. ಆದರೆ ಹೋದ ವರ್ಷದಿಂದ ಒಂದು ವಿಷಯ ತಲೆಯಲ್ಲಿ ಕೂತುಬಿಟ್ಟಿದೆ. ನಾವು ಬಳಸುವ ಈ ತತ್ವಗಳು ಮನುಷ್ಯರಲ್ಲಿ ನಿಜಕ್ಕೂ ಹೇಗೆ ಕೆಲಸ ಮಾಡುತ್ತವೆ ಅಂತ ಪರೀಕ್ಷೆ ಮಾಡುವವರು ನನ್ನ ಸುತ್ತ ಯಾರೂ ಇಲ್ಲ. ಎಲ್ಲರೂ ಬಳಸುವವರೇ.

ನಮ್ಮ ವೃತ್ತಿ ಸಂಘದಲ್ಲಿ ಆಸಕ್ತಿ ಗುಂಪುಗಳು ಬೇಕಾದಷ್ಟಿವೆ. ಆಟಿಸಂಗೆ ಒಂದು, ಶಾಲೆಯ ಕಲಿಕೆಗೆ ಒಂದು, ಕೆಲಸದ ಜಾಗದ ಸುರಕ್ಷತೆಗೆ ಒಂದು. ಮೂಲ ಪ್ರಯೋಗ ಮಾಡುವವರಿಗೆ ಮಾತ್ರ ಇಲ್ಲ. ನಾನು ಹೇಳುತ್ತಿರುವುದು ಚಿಕಿತ್ಸೆಯ ಬಗ್ಗೆ ಅಲ್ಲ, ಸರ್ವೆ ಬಗ್ಗೆಯೂ ಅಲ್ಲ. ಒಬ್ಬರನ್ನು ಕೂರಿಸಿ, ಒಂದೇ ಒಂದು ಅಂಶ ಬದಲಾಯಿಸಿ, ಅವರು ಮಾಡುವುದು ಹೇಗೆ ಬದಲಾಗುತ್ತದೆ ಅಂತ ಅಳೆಯುವ ಕೆಲಸದ ಬಗ್ಗೆ.

ಹೋದ ಸಲದ ವಾರ್ಷಿಕ ಸಭೆಯಲ್ಲಿ ಬಿಡುವಿನ ಹೊತ್ತಲ್ಲಿ ಈ ಮಾತು ಎತ್ತಿದೆ. ಒಂಬತ್ತು ಜನ ಹೆಸರು ಕೊಟ್ಟರು. ಹಿರಿಯರಿಬ್ಬರು ಒಪ್ಪಲಿಲ್ಲ. ಒಬ್ಬರು, "ತತ್ವಗಳೆಲ್ಲ ಪಾರಿವಾಳ, ಇಲಿಗಳಲ್ಲೇ ಗೊತ್ತಾಗಿವೆ, ಇನ್ನು ಮನುಷ್ಯರಲ್ಲಿ ಹುಡುಕುವುದು ಏನಿದೆ?" ಅಂದರು. ಇನ್ನೊಬ್ಬರು, "ಯಾರನ್ನೋ ಕರೆದು ಬಟನ್ ಒತ್ತಿಸಿದರೆ ಜೀವನದ ಬಗ್ಗೆ ಏನು ಗೊತ್ತಾಗುತ್ತದಮ್ಮಾ?" ಅಂತ ಕೇಳಿದರು. ನನಗೆ ಉತ್ತರ ಗೊತ್ತಿತ್ತು ಅಂತ ಅನ್ನಿಸಿತು, ಆದರೆ ಬಾಯಿಗೆ ಬರಲಿಲ್ಲ. ಅದು ಈಗಲೂ ಚುಚ್ಚುತ್ತದೆ.

ಗುಂಪು ಶುರು ಮಾಡಲು ಸಂಘ ಕೇಳುವುದು ಇಷ್ಟು: ಉದ್ದೇಶ ಹೇಳುವ ಒಂದು ಪುಟ, ಸದಸ್ಯರ ಪಟ್ಟಿ, ಮೊದಲ ವರ್ಷ ಏನು ಮಾಡುತ್ತೀರಿ ಅಂತ ಒಂದು ಯೋಜನೆ. ಪಟ್ಟಿ ಹೇಗೋ ಆಗುತ್ತದೆ. ಯೋಜನೆಯೇ ಕಷ್ಟ. ಉಪನ್ಯಾಸ ಇಡಬೇಕಾ, ಪತ್ರಿಕೆ ತರಬೇಕಾ, ವಿದ್ಯಾರ್ಥಿಗಳಿಗೆ ಬಹುಮಾನ ಇಡಬೇಕಾ? ಇಂಥ ಗುಂಪು ನಡೆಸಿದವರು ಯಾರಾದರೂ ಇದ್ದರೆ ನಿಮ್ಮ ಅನುಭವ ಹೇಳಿ. ನನ್ನ ಹಾಗೆ ದಿನವಿಡೀ ಮಕ್ಕಳ ಜೊತೆ ಇರುವವರು ಇದಕ್ಕೆ ಯಾಕೆ ಬರಬೇಕು ಅನ್ನುವುದಕ್ಕೂ ಒಳ್ಳೆಯ ಉತ್ತರ ಬೇಕು.

ಹಳೇ_ಲ್ಯಾಬ್

ಬಳ್ಳಿ ಅವರೇ, ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ನಾನು ಇಂಥದ್ದೇ ಗುಂಪನ್ನು ಆರು ವರ್ಷ ನಡೆಸಿದ್ದೇನೆ. ಮೊದಲು ಆ ಪಾರಿವಾಳದ ಮಾತಿಗೆ ಉತ್ತರ ಹೇಳುತ್ತೇನೆ, ಯಾಕೆಂದರೆ ನಿಮ್ಮ ಉದ್ದೇಶದ ಪುಟದಲ್ಲಿ ಬರೆಯಬೇಕಾದ್ದು ಅದೇ.

ಫಿಕ್ಸೆಡ್ ಇಂಟರ್ವಲ್ ಷೆಡ್ಯೂಲ್, ಅಂದರೆ ಗೊತ್ತಾದ ಸಮಯ ಕಳೆದ ಮೇಲೆ ಬಹುಮಾನ ಕೊಡುವ ನಿಯಮ, ನಿಮಗೆ ಗೊತ್ತು. 60 ಸೆಕೆಂಡ್ ಕಳೆದ ಮೇಲೆ ಮೊದಲು ಒತ್ತಿದ್ದಕ್ಕೆ ಮಾತ್ರ ಬಹುಮಾನ. ಅದಕ್ಕೂ ಮೊದಲು ಎಷ್ಟೇ ಒತ್ತಿದರೂ ಏನೂ ಇಲ್ಲ. ಫರ್ಸ್ಟರ್ ಮತ್ತು ಸ್ಕಿನ್ನರ್ 1957ರಲ್ಲಿ ಇಂಥ ಷೆಡ್ಯೂಲ್‌ಗಳ ಮೇಲೆ ದೊಡ್ಡ ಪುಸ್ತಕವನ್ನೇ ತಂದರು. ಪಾರಿವಾಳ ಕಾಳು ಸಿಕ್ಕಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರುತ್ತದೆ, ಆಮೇಲೆ ನಿಧಾನಕ್ಕೆ ಶುರು ಮಾಡಿ ಸಮಯ ಹತ್ತಿರ ಬಂದಂತೆ ಜೋರಾಗಿ ಕುಟುಕುತ್ತದೆ. ಕುಟುಕಿದ್ದನ್ನು ಒಂದೊಂದಾಗಿ ಕೂಡಿಸುತ್ತಾ ಹಾಕುವ ಗ್ರಾಫಿನಲ್ಲಿ ಬಾಗಿದ ಗೆರೆಗಳು ಒಂದರ ಪಕ್ಕ ಒಂದು ಬರುತ್ತವೆ. ಇಲಿಯೂ ಹಾಗೇ, ಕೋತಿಯೂ ಹಾಗೇ.

ದೊಡ್ಡ ಮನುಷ್ಯರನ್ನು ಅದೇ ಷೆಡ್ಯೂಲಿಗೆ ಕೂರಿಸಿ ನೋಡಿ. ಬಾಗಿದ ಗೆರೆ ಸಾಮಾನ್ಯವಾಗಿ ಬರುವುದೇ ಇಲ್ಲ. ಕೆಲವರು ಒಂದೇ ಸಮ ಟಕಟಕ ಒತ್ತುತ್ತಾ ಹೋಗುತ್ತಾರೆ, ನಿಲ್ಲುವುದೇ ಇಲ್ಲ. ಇನ್ನು ಕೆಲವರು ಕೈ ಕಟ್ಟಿ ಕೂತಿದ್ದು ಕೊನೆಯಲ್ಲಿ ಒಂದೋ ಎರಡೋ ಸಲ ಒತ್ತುತ್ತಾರೆ. ಕೇಳಿದರೆ ಮೊದಲನೆಯವರು "ಜಾಸ್ತಿ ಒತ್ತಿದರೆ ಜಾಸ್ತಿ ಸಿಗುತ್ತದೆ ಅಂದುಕೊಂಡೆ" ಅನ್ನುತ್ತಾರೆ, ಎರಡನೆಯವರು "ಮನಸ್ಸಲ್ಲೇ ಎಣಿಸುತ್ತಿದ್ದೆ" ಅನ್ನುತ್ತಾರೆ. ನೋಡಿದಿರಾ? ಅವರ ಕೈಯನ್ನು ನಡೆಸುತ್ತಿರುವುದು ಷೆಡ್ಯೂಲ್ ಒಂದೇ ಅಲ್ಲ, ಅವರು ತಮಗೆ ತಾವೇ ಹೇಳಿಕೊಂಡ ನಿಯಮವೂ ಹೌದು.

ಮಾತು ಬಾರದ ಕೂಸುಗಳಲ್ಲಿ ಏನಾಗುತ್ತದೆ? ಲೋವ್ ಮತ್ತು ಅವರ ಜೊತೆಗಾರರು 1983ರಲ್ಲಿ ಅದನ್ನೇ ನೋಡಿದರು. ಕೂಸುಗಳ ಗೆರೆ ಪ್ರಾಣಿಗಳ ಗೆರೆಯ ಹಾಗೆಯೇ ಬಂತು. 1985ರಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳನ್ನು ನೋಡಿದರು. ಐದು ದಾಟಿದವರದ್ದು ಆಗಲೇ ದೊಡ್ಡವರ ಹಾಗಿತ್ತು. ಎರಡೂವರೆಯಿಂದ ನಾಲ್ಕರವರದ್ದು ನಡುವೆ ಎಲ್ಲೋ ಇತ್ತು. ಮಾತು ಕಲಿಯುವ ಮಕ್ಕಳ ಜೊತೆ ಕೆಲಸ ಮಾಡುವ ನಿಮಗೆ ಇದರ ತೂಕ ನಾನು ಹೇಳಬೇಕಾಗಿಲ್ಲ. ಪಾರಿವಾಳವನ್ನು ಮಾತ್ರ ನೋಡಿದ್ದರೆ ಇದು ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಆ ಹಿರಿಯರಿಗೆ ಇಷ್ಟು ಹೇಳಿದರೆ ಸಾಕು. ಬಟನ್ ಬಗ್ಗೆ ಕೇಳಿದವರಿಗೂ ಉತ್ತರ ಇದರಲ್ಲೇ ಇದೆ. ಬಟನ್ ಇಷ್ಟು ಸಾದಾ ಆಗಿರುವುದರಿಂದಲೇ ಮನುಷ್ಯ ತನ್ನೊಳಗಿಂದ ಏನನ್ನು ತಂದು ಸೇರಿಸುತ್ತಾನೆ ಅನ್ನುವುದು ಕಣ್ಣಿಗೆ ಬೀಳುತ್ತದೆ.

ಈಗ ಗುಂಪಿನ ವಿಷಯ. ಮೊದಲ ಎರಡು ವರ್ಷ ನಾವು ಮಾಡಿದ್ದೆಲ್ಲ ತಪ್ಪು. ತಿಂಗಳಿಗೊಂದು ಉಪನ್ಯಾಸ ಇಟ್ಟೆವು. ಬಂದವರು ಕೇಳಿಸಿಕೊಂಡು, ಚೆನ್ನಾಗಿತ್ತು ಅಂತ ಹೇಳಿ ಹೋದರು. ಪಟ್ಟಿಯಲ್ಲಿ ನಲವತ್ತು ಹೆಸರು, ಪ್ರಯೋಗ ಒಂದೂ ಇಲ್ಲ. ಎರಡನೇ ವರ್ಷದ ಕೊನೆಗೆ ಬರುವವರೂ ಕಡಿಮೆಯಾದರು, ನಾನೂ ಸೋತುಹೋಗಿದ್ದೆ.

ಮೂರನೇ ವರ್ಷ ಉಪನ್ಯಾಸ ನಿಲ್ಲಿಸಿ ಒಂದೇ ಒಂದು ಕೆಲಸ ಇಟ್ಟುಕೊಂಡೆವು. ಎಲ್ಲರೂ ಅದೇ 60 ಸೆಕೆಂಡಿನ ಷೆಡ್ಯೂಲನ್ನು ಇಬ್ಬಿಬ್ಬರ ಮೇಲೆ ನಡೆಸಿ, ಗ್ರಾಫ್ ಪ್ರಿಂಟ್ ತೆಗೆದುಕೊಂಡು ಬರಬೇಕು. ಏಳು ಜನ ಬಂದರು, ಹದಿನಾಲ್ಕು ಹಾಳೆ. ಉದ್ದದ ಮೇಜಿನ ಮೇಲೆ ಸಾಲಾಗಿ ಹರಡಿದೆವು. ಒಂದಷ್ಟು ಹಾಳೆಯಲ್ಲಿ ಏಣಿ ಒರಗಿಸಿಟ್ಟ ಹಾಗೆ ನೇರ ಗೆರೆ, ಇನ್ನೊಂದಷ್ಟರಲ್ಲಿ ಮೆಟ್ಟಿಲು. ಹದಿಮೂರು ಹಾಗೇ ಇದ್ದವು. ಒಂದು ಮಾತ್ರ ಬಾಗಿತ್ತು, ಪಾರಿವಾಳದ್ದರ ಹಾಗೆ. ಅದನ್ನು ತಂದ ಹುಡುಗ ಸಂಕೋಚದಿಂದ ಹೇಳಿದ, "ಇದು ಕೆಟ್ಟುಹೋದ ಸೆಷನ್ ಸರ್, ಆಕೆ ಪೂರ್ತಿ ಹೊತ್ತು ಪಕ್ಕದವರ ಜೊತೆ ಮಾತಾಡುತ್ತಲೇ ಇದ್ದರು, ಬಿಸಾಡೋಣ ಅಂದುಕೊಂಡೆ." ಕೋಣೆ ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಲು ಶುರು ಮಾಡಿದರು. ಮಾತಾಡುತ್ತಾ ಇದ್ದವರಿಗೆ ಎಣಿಸಲು ಎಲ್ಲಿ ಬಿಡುವು? ಲಾಟೀಸ್ ಮತ್ತು ವೈಸ್ 1963ರಲ್ಲೇ ಒತ್ತುವವರಿಗೆ ಜೊತೆಜೊತೆಗೆ ಕಳೆಯುವ ಲೆಕ್ಕ ಕೊಟ್ಟು ಇಂಥದ್ದನ್ನು ತೋರಿಸಿದ್ದರು. ನಮ್ಮಲ್ಲಿ ಅದು ಗೊತ್ತಿದ್ದದ್ದು ಒಬ್ಬರಿಗೆ ಮಾತ್ರ. ಆ ಸಂಜೆಯೇ ಮುಂದಿನ ಪ್ರಯೋಗ ತೀರ್ಮಾನವಾಯಿತು, ಯಾರೂ ಪ್ರಸ್ತಾಪ ಇಡಬೇಕಾಗಲಿಲ್ಲ.

ಹಾಗಾಗಿ ನಿಮ್ಮ ಯೋಜನೆಯಲ್ಲಿ ಬೇರೆ ಏನಿರಲಿ ಬಿಡಲಿ, ಎಲ್ಲರೂ ಸೇರಿ ಮಾಡುವ ಒಂದು ಪ್ರಯೋಗ ಇರಲಿ. ಮಿಕ್ಕದ್ದೆಲ್ಲ ಆಮೇಲೆ.

ಮಕ್ಕಳ_ಮೇಷ್ಟ್ರು

ಹಳೇ ಲ್ಯಾಬ್ ಸರ್ ಹೇಳಿದ್ದಕ್ಕೆ ನಾನೂ ಸ್ವಲ್ಪ ಸೇರಿಸುತ್ತೇನೆ. ಆದರೆ ನಾನು ಮಾತಾಡುವುದು ದಿನವಿಡೀ ಕೆಲಸ ಮಾಡುವವರ ಕಡೆಯಿಂದ.

ನೇರವಾಗಿ ಹೇಳುತ್ತೇನೆ, "ಮೂಲ ಸಂಶೋಧನೆಯನ್ನು ಪ್ರೋತ್ಸಾಹಿಸಿ" ಅಂತ ಕರೆದರೆ ನಾವು ಬರುವುದಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಆರು ಮಕ್ಕಳು, ಆಮೇಲೆ ಅಪ್ಪ ಅಮ್ಮಂದಿರ ಜೊತೆ ಮಾತು, ಆಮೇಲೆ ವರದಿ. ಅದರ ಮೇಲೆ ಯಾರೋ ಬಂದು ವಿಜ್ಞಾನಕ್ಕಾಗಿ ಎರಡು ಗಂಟೆ ಕೊಡಿ ಅಂದರೆ ಮನಸ್ಸಿದ್ದರೂ ಮೈ ಬರುವುದಿಲ್ಲ.

ನನ್ನನ್ನು ಎಳೆದದ್ದು ಒಂದು ಹಳೇ ಪ್ರಯೋಗ. ಮರ್ರೆ ಸಿಡ್ಮನ್ 1971ರಲ್ಲಿ ಪ್ರಕಟಿಸಿದ್ದು. 17 ವರ್ಷದ ಹುಡುಗ, ಬುದ್ಧಿ ಬೆಳವಣಿಗೆ ತೀರಾ ಕಡಿಮೆ, ಓದಲು ಬರುವುದಿಲ್ಲ. ಪದ ಹೇಳಿದರೆ ಸರಿಯಾದ ಚಿತ್ರ ತೋರಿಸುತ್ತಾನೆ, ಚಿತ್ರ ತೋರಿಸಿದರೆ ಹೆಸರು ಹೇಳುತ್ತಾನೆ. ಅಷ್ಟೇ. ಅವನಿಗೆ 20 ಪದಗಳಲ್ಲಿ ಒಂದೇ ಒಂದು ಹೊಸ ವಿಷಯ ಕಲಿಸಿದರು: ಕೇಳಿಸಿದ ಪದಕ್ಕೆ ಸರಿಯಾದ ಅಚ್ಚಿನ ಪದ ಯಾವುದು ಅಂತ ತೋರಿಸುವುದು. ಅದನ್ನು ಕಲಿತ ಮೇಲೆ ನೋಡಿದರೆ ಅವನು ಅಚ್ಚಿನ ಪದಕ್ಕೂ ಚಿತ್ರಕ್ಕೂ ಹೊಂದಿಸುತ್ತಿದ್ದಾನೆ, ಪದಗಳನ್ನು ಬಾಯಿಬಿಟ್ಟು ಓದುತ್ತಿದ್ದಾನೆ. ಇವೆರಡನ್ನೂ ಯಾರೂ ಕಲಿಸಿರಲಿಲ್ಲ!

ನನ್ನ ಬಳಿ ಒಂದು ಮಗು ಇತ್ತು. ಅವನಿಗೆ ನಾನು ಕೇಳಿಸಿದ್ದು-ಚಿತ್ರ, ಕೇಳಿಸಿದ್ದು-ಅಕ್ಷರ, ಚಿತ್ರ-ಅಕ್ಷರ, ಅಕ್ಷರ-ಚಿತ್ರ ಎಲ್ಲವನ್ನೂ ಒಂದೊಂದಾಗಿ ಕಲಿಸುತ್ತಾ ತಿಂಗಳುಗಟ್ಟಲೆ ಕಳೆದಿದ್ದೆ. ಇದನ್ನು ಓದಿದ ದಿನ ನನ್ನ ಹಾಳೆಗಳನ್ನು ಹರಡಿಕೊಂಡು ಕೂತು ನೋಡಿದೆ. ಅರ್ಧದಷ್ಟು ಕಲಿಕೆಯನ್ನು ಪರೀಕ್ಷೆ ಕೂಡ ಮಾಡದೆ ಕಲಿಸಿದ್ದೆ. ಅವನಿಗೆ ಅದು ಆಗಲೇ ಬರುತ್ತಿತ್ತೋ ಏನೋ, ನಾನು ಕೇಳಿಯೇ ಇರಲಿಲ್ಲ. ಮಗುವಿನ ಅಷ್ಟು ಹೊತ್ತು ಹೋಯಿತಲ್ಲ ಅಂತ ತುಂಬಾ ನೋವಾಯಿತು. ಆವತ್ತಿನಿಂದ ಏನನ್ನೇ ಕಲಿಸುವ ಮೊದಲು ಪರೀಕ್ಷೆ ಮಾಡುತ್ತೇನೆ.

ಆದ್ದರಿಂದ ನಮ್ಮಂಥವರನ್ನು ಕರೆಯುವಾಗ ನಮ್ಮ ಒಂದು ಸಮಸ್ಯೆಯಿಂದ ಶುರು ಮಾಡಿ. "ಹೇಳಿಕೊಟ್ಟರೆ ಮಾಡುತ್ತಾನೆ, ಹೇಳುವುದು ನಿಲ್ಲಿಸಿದರೆ ನಿಲ್ಲಿಸುತ್ತಾನೆ, ಯಾಕೆ?" ಇಂಥದ್ದು. ಅದನ್ನು ಲ್ಯಾಬಲ್ಲಿ ಹೇಗೆ ಕೇಳಬಹುದು ಅಂತ ನೀವು ತೋರಿಸಿ. ನಾವು ಪ್ರಶ್ನೆ ತರುತ್ತೇವೆ, ಲ್ಯಾಬಿನವರು ವಿಧಾನ ತರಲಿ. ಅದಾದರೆ ನಾನು ಭಾನುವಾರವೂ ಬರುತ್ತೇನೆ.

ಟೈಮರ್_ಕೋಡು

ನಾನು ಪಿಎಚ್‌ಡಿ ವಿದ್ಯಾರ್ಥಿ, ನಮ್ಮ ಲ್ಯಾಬಿನ ಪ್ರೋಗ್ರಾಂಗಳನ್ನು ಬರೆಯುವುದು ನಾನೇ. ಸಾಮಾನ್ ಬಗ್ಗೆ ಯಾರೂ ಹೇಳಿಲ್ಲ, ಹಾಗಾಗಿ ಅದನ್ನು ಹೇಳುತ್ತೇನೆ.

ಸೇರಿ ಮಾಡುವ ಪ್ರಯೋಗ ಅಂದರೆ ಎಲ್ಲರ ಹತ್ತಿರ ಒಂದೇ ಪ್ರೋಗ್ರಾಂ ಇರಬೇಕು. ಒಬ್ಬೊಬ್ಬರು ಒಂದೊಂದು ಬರೆದುಕೊಂಡರೆ ಮೇಜಿನ ಮೇಲೆ ಹಾಳೆ ಹರಡಿದಾಗ ಹೋಲಿಸಲು ಆಗುವುದಿಲ್ಲ. ಇಂಥ ಪ್ರಯೋಗ ಬರೆಯುವ ಸಾಫ್ಟ್‌ವೇರ್‌ಗಳಾದ ಸೈಕೋಪೈ, ಜೆಎಸ್‌ಸೈಕ್ ಎರಡೂ ಪುಕ್ಕಟೆ ಸಿಗುತ್ತವೆ. ಬ್ರೌಸರಿನಲ್ಲಿ ನಡೆಸುವುದಾದರೆ ಎರಡನೆಯದು ಸುಲಭ. ಒಂದು ಎಚ್ಚರಿಕೆ: ಭಾಗವಹಿಸುವವರು ಬೇರೆ ಟ್ಯಾಬಿಗೆ ಹೋದರೆ ಹಿಂದಿನ ಟ್ಯಾಬಿನ ಟೈಮರನ್ನು ಬ್ರೌಸರ್ ನಿಧಾನ ಮಾಡಿಬಿಡುತ್ತದೆ. ನಿಮ್ಮ 60 ಸೆಕೆಂಡ್ ಆಗ 60 ಸೆಕೆಂಡ್ ಆಗಿರುವುದಿಲ್ಲ. ಟ್ಯಾಬ್ ಬದಲಾದ ಪ್ರತಿ ಸಲವೂ ಡೇಟಾದಲ್ಲಿ ಬರೆದಿಡುವ ಹಾಗೆ ಮಾಡಿ. ಒಟ್ಟು ಎಣಿಕೆ ಮಾತ್ರ ಉಳಿಸಬೇಡಿ, ಪ್ರತಿ ಒತ್ತಿಗೂ ಸಮಯ ಉಳಿಸಿ. ಒಟ್ಟು ಎಣಿಕೆಯಿಂದ ಆ ಬಾಗಿದ ಗೆರೆಯನ್ನು ಯಾರೂ ವಾಪಸ್ ತೆಗೆಯಲಾರರು.

ಇದಕ್ಕಿಂತ ದೊಡ್ಡ ವಿಷಯ ಸೂಚನೆ. ನನ್ನ ಮೊದಲ ಪ್ರಯೋಗದಲ್ಲಿ ಪರದೆಯ ಮೇಲೆ "ಸಾಧ್ಯವಾದಷ್ಟು ಪಾಯಿಂಟ್ ಗಳಿಸಲು ಬೇಗ ಬೇಗ ಒತ್ತಿ" ಅಂತ ಒಂದು ಸಾಲು ಬರೆದಿದ್ದೆ. ಚೆನ್ನಾಗಿ ಅರ್ಥವಾಗಲಿ ಅಂತ ಬರೆದದ್ದು. ಹನ್ನೊಂದು ಜನ, ಹನ್ನೊಂದೂ ನೇರ ಗೆರೆ. ಷೆಡ್ಯೂಲನ್ನು ಮಧ್ಯದಲ್ಲಿ ಬದಲಾಯಿಸಿದರೂ ಒಬ್ಬರೂ ಕದಲಲಿಲ್ಲ. ಎರಡು ತಿಂಗಳ ಕೆಲಸ. ನಾನು ಅಳೆದದ್ದು ಷೆಡ್ಯೂಲಿನ ಪರಿಣಾಮವನ್ನಲ್ಲ, ನನ್ನ ಒಂದು ಸಾಲಿನ ಪರಿಣಾಮವನ್ನು.

ಆಮೇಲೆ ಗೊತ್ತಾಯಿತು, ಶಿಮಾಫ್, ಕಟಾನಿಯಾ, ಮ್ಯಾಥ್ಯೂಸ್ ಇದನ್ನೇ 1981ರಲ್ಲಿ ನೀಟಾಗಿ ತೋರಿಸಿದ್ದಾರೆ. ನಿಧಾನಕ್ಕೆ ಒತ್ತುವುದನ್ನು ಕೆಲವರಿಗೆ ಬಾಯಲ್ಲಿ ಹೇಳಿಕೊಟ್ಟರು, ಇನ್ನು ಕೆಲವರಿಗೆ ಹೇಳದೆ ಶೇಪಿಂಗ್ ಮಾಡಿ, ಅಂದರೆ ಬೇಕಾದ್ದಕ್ಕೆ ಹತ್ತಿರ ಬಂದಂತೆಲ್ಲ ಬಹುಮಾನ ಕೊಡುತ್ತಾ, ಕಲಿಸಿದರು. ನೋಡಲು ಇಬ್ಬರದ್ದೂ ಒಂದೇ ಥರದ ವರ್ತನೆ. ಷೆಡ್ಯೂಲ್ ಬದಲಾದಾಗ ಶೇಪಿಂಗ್‌ನಿಂದ ಕಲಿತವರು ಬದಲಾದರು. ಹೇಳಿಸಿಕೊಂಡವರಲ್ಲಿ ಅನೇಕರು ಹಳೇದನ್ನೇ ಮಾಡುತ್ತಾ ಹೋದರು. ಮೇಷ್ಟ್ರು ಕೇಳಿದರಲ್ಲ, ಹೇಳುವುದು ನಿಲ್ಲಿಸಿದರೆ ಮಗು ಯಾಕೆ ನಿಲ್ಲಿಸುತ್ತದೆ ಅಂತ. ಆ ಪ್ರಶ್ನೆಗೆ ಲ್ಯಾಬಿನಲ್ಲಿ ಒಂದು ಬಾಗಿಲು ಇಲ್ಲಿದೆ ಅಂತ ನನಗೆ ಅನ್ನಿಸುತ್ತದೆ.

ಗುಂಪಿನಲ್ಲಿ ಎಲ್ಲರೂ ಸೂಚನೆಯನ್ನು ಅಕ್ಷರಕ್ಕೆ ಅಕ್ಷರ ಒಂದೇ ರೀತಿ ಓದಬೇಕು, ಅದನ್ನು ಡೇಟಾ ಜೊತೆಗೇ ಇಡಬೇಕು. "ನಾನು ಸುಮ್ನೆ ಸ್ವಲ್ಪ ವಿವರಿಸಿದೆ" ಅನ್ನುವುದು ಇಲ್ಲಿ ನಡೆಯುವುದಿಲ್ಲ.

ಪ್ರೋಗ್ರಾಂ ಬರೆಯಲು ಜನ ಬೇಕಿದ್ದರೆ ನಾನು ಬರುತ್ತೇನೆ.

ಒಪ್ಪಿಗೆ_ಪತ್ರ

ಎಲ್ಲರೂ ಪ್ರಯೋಗ ಮಾಡಿ ಮಾಡಿ ಅನ್ನುತ್ತಿದ್ದೀರಿ, ಒಳ್ಳೆಯದು. ಸಂಶೋಧನೆ ನೀತಿಬದ್ಧವಾಗಿದೆಯಾ ಅಂತ ನೋಡುವ ಎಥಿಕ್ಸ್ ಕಮಿಟಿ ಬಗ್ಗೆ ಒಬ್ಬರೂ ಬರೆದಿಲ್ಲ. ನಾನು ಅಂಥ ಒಂದು ಕಮಿಟಿಯಲ್ಲಿ ಕೂತಿದ್ದವಳು, ಅದಕ್ಕೇ ಹೇಳುತ್ತೇನೆ.

ಬಟನ್ ಒತ್ತಿಸುವುದರಲ್ಲಿ ಏನು ಅಪಾಯ ಅಂತ ಅನ್ನಿಸಬಹುದು. ಅಪಾಯ ಕಡಿಮೆ ಇರಬಹುದು, ಒಪ್ಪಿಗೆ ಮಾತ್ರ ಬೇಕೇ ಬೇಕು. ಮನುಷ್ಯರ ಮೇಲಿನ ಸಂಶೋಧನೆಯ ನೀತಿ ಬಗ್ಗೆ ಅಮೆರಿಕದಲ್ಲಿ ಬಂದ 1979ರ ಬೆಲ್ಮಾಂಟ್ ವರದಿ ಹೇಳುವ ಮೂರು ಮಾತು ಈ ಕೆಲಸಕ್ಕೆ ಸಾಕು: ವ್ಯಕ್ತಿಗೆ ಗೌರವ, ಒಳಿತು ಮಾಡು ಕೆಡುಕು ಮಾಡಬೇಡ, ಭಾರವೂ ಲಾಭವೂ ನ್ಯಾಯವಾಗಿ ಹಂಚಿಕೆಯಾಗಲಿ. ಮೂರನೆಯದನ್ನು ನಮ್ಮ ಕ್ಷೇತ್ರದವರು ಹೆಚ್ಚಾಗಿ ಮರೆಯುತ್ತಾರೆ. ಸುಲಭಕ್ಕೆ ಸಿಗುವವರು ಅಂತ ನಮ್ಮ ತರಗತಿಯ ವಿದ್ಯಾರ್ಥಿಗಳನ್ನೇ ಕೂರಿಸುತ್ತೇವೆ. ಅಂಕ ಕೊಡುವ ಮೇಷ್ಟರು ಕೇಳಿದರೆ ಯಾವ ವಿದ್ಯಾರ್ಥಿ ಆಗುವುದಿಲ್ಲ ಅನ್ನುತ್ತಾನೆ? ಚಿಕಿತ್ಸೆಗೆ ಬರುವ ಮಗುವಿನ ತಂದೆತಾಯಿಯ ವಿಷಯದಲ್ಲಂತೂ ಇದು ಇನ್ನೂ ಸೂಕ್ಷ್ಮ. ಬೇಡ ಅಂದರೆ ಮಗುವಿಗೆ ಸಿಗುವ ಸಮಯ ಕಡಿಮೆಯಾದೀತು ಅಂತ ಹೆದರುತ್ತಾರೆ, ಬಾಯಿಬಿಟ್ಟು ಹೇಳುವುದಿಲ್ಲ. ಹಾಗಾಗಿ ಕೇಳುವವರು ಬೇರೆ ಇರಲಿ, ಚಿಕಿತ್ಸೆ ಕೊಡುವವರು ಬೇರೆ ಇರಲಿ.

ಈ ಕ್ಷೇತ್ರದ ಹಳೇ ಕೆಲಸ ಓದುವಾಗಲೂ ನನಗೆ ಎರಡು ಭಾವ ಬರುತ್ತವೆ. 1949ರಲ್ಲಿ ಫುಲ್ಲರ್ ಅನ್ನುವವರು 18 ವರ್ಷದ ಒಬ್ಬ ಯುವಕನಿಗೆ ಬಲಗೈ ಎತ್ತುವುದನ್ನು ಕಲಿಸಿದರು. ಕೈ ಎತ್ತಿದಾಗ ಬಾಯಿಗೆ ಸ್ವಲ್ಪ ಸಿಹಿ ಹಾಲು. ಇವನು ಏನೂ ಕಲಿಯಲಾರ ಅಂತ ಎಲ್ಲರೂ ಕೈಬಿಟ್ಟಿದ್ದ ಹುಡುಗ. ಕಲಿಯುತ್ತಾನೆ ಅಂತ ಒಂದು ಪುಟ್ಟ ಪ್ರಯೋಗ ತೋರಿಸಿತು, ಅದು ದೊಡ್ಡದು. ಆದರೆ ಅವನ ಬಗ್ಗೆ ಬರೆಯಲು ಬಳಸಿದ ಪದಗಳನ್ನು ಇವತ್ತು ಯಾವ ಮನುಷ್ಯನಿಗೂ ಬಳಸಬಾರದು. ನಿಮ್ಮ ಗುಂಪು ಹೇಗೆ ಬರೆಯುತ್ತದೆ ಅನ್ನುವುದರ ಬಗ್ಗೆಯೂ ಮೊದಲ ದಿನವೇ ಮಾತಾಡಿ.

ಕ್ಲಿನಿಕ್ಕಿನಲ್ಲಿ ಇರುವ ಅನೇಕರಿಗೆ ಎಥಿಕ್ಸ್ ಕಮಿಟಿಯೇ ಇಲ್ಲ. ಗುಂಪು ಅವರಿಗೆ ಮಾಡಬಹುದಾದ ಅತಿ ದೊಡ್ಡ ಉಪಕಾರ ಇದು: ಕಮಿಟಿ ಇರುವ ಸಂಸ್ಥೆಯ ಒಬ್ಬ ಸದಸ್ಯರು ಮುಖ್ಯ ಸಂಶೋಧಕರಾಗಿ ಎಲ್ಲರ ಪರವಾಗಿ ಅರ್ಜಿ ಹಾಕುವುದು, ಯಾರು ಎಲ್ಲಿ ಡೇಟಾ ತೆಗೆಯುತ್ತಾರೆ ಅಂತ ಅದರಲ್ಲೇ ಬರೆಯುವುದು. ಹೆಸರಿಲ್ಲದ ಡೇಟಾವನ್ನು ಗುಂಪಿನೊಳಗೆ ಹಂಚಿಕೊಳ್ಳುತ್ತೇವೆ ಅಂತ ಒಪ್ಪಿಗೆ ಪತ್ರದಲ್ಲೇ ಮೊದಲೇ ಹಾಕಿ. ಆಮೇಲೆ ಹಾಕುತ್ತೇನೆ ಅಂದರೆ ಆಗುವುದಿಲ್ಲ, ಎಲ್ಲರ ಹತ್ತಿರ ಮತ್ತೆ ಹೋಗಬೇಕಾಗುತ್ತದೆ.

ಬೇಸ್‌ಲೈನ್_ಬಳ್ಳಿ

ಎಲ್ಲವನ್ನೂ ಎರಡೆರಡು ಸಲ ಓದಿದೆ. ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಆ ಹದಿನಾಲ್ಕನೇ ಹಾಳೆಯ ಕಥೆಯನ್ನು ನನ್ನ ಇಬ್ಬರು ಗೆಳತಿಯರಿಗೆ ಫೋನ್ ಮಾಡಿ ಹೇಳಿದೆ, ಇಬ್ಬರೂ ಗುಂಪಿಗೆ ಬರುತ್ತೇವೆ ಅಂದರು. ಈಗ ಹನ್ನೊಂದು ಜನ.

ಇನ್ನೆರಡು ಪ್ರಶ್ನೆ. ಒಂದು, ಇಬ್ಬರು ಮೂವರ ಮೇಲೆ ಮಾಡಿದ ಪ್ರಯೋಗಕ್ಕೆ "ಇಷ್ಟು ಕಡಿಮೆ ಜನವಾ?" ಅಂತ ಎಲ್ಲರೂ ಕೇಳುತ್ತಾರೆ. ಬೇರೆ ವಿಭಾಗದವರಿಗೆ ಏನು ಹೇಳಲಿ? ಎರಡು, ಪತ್ರಿಕೆ ಮತ್ತು ವಿದ್ಯಾರ್ಥಿ ಬಹುಮಾನ ಈಗ ಬೇಡವೇ ಬೇಡವಾ? ನಮ್ಮಲ್ಲಿ ನಾಲ್ವರು ವಿದ್ಯಾರ್ಥಿಗಳು, ಅವರಿಗೆ ಏನಾದರೂ ಸಿಗಬೇಕು ಅನ್ನಿಸುತ್ತದೆ.

ಹಳೇ_ಲ್ಯಾಬ್

ಮೊದಲನೆಯದಕ್ಕೆ: ನಮ್ಮ ವಿಧಾನದಲ್ಲಿ ಒಬ್ಬರೇ ತಮಗೆ ತಾವೇ ಹೋಲಿಕೆ. ವರ್ತನೆ ಒಂದು ಮಟ್ಟಕ್ಕೆ ಬಂದು ನಿಲ್ಲುವವರೆಗೆ ಸೆಷನ್ ಮೇಲೆ ಸೆಷನ್ ನಡೆಸುತ್ತೇವೆ, ಆಮೇಲೆ ಒಂದನ್ನು ಬದಲಾಯಿಸುತ್ತೇವೆ, ಆಮೇಲೆ ಮೊದಲಿನದಕ್ಕೆ ವಾಪಸ್ ಹೋಗಿ ವರ್ತನೆಯೂ ವಾಪಸ್ ಬರುತ್ತದಾ ಅಂತ ನೋಡುತ್ತೇವೆ. ಅದನ್ನು ಇನ್ನೊಬ್ಬರಲ್ಲಿ ಮತ್ತೆ ಮಾಡುತ್ತೇವೆ, ಮತ್ತೊಬ್ಬರಲ್ಲಿ ಮತ್ತೆ. ಸಿಡ್ಮನ್ 1960ರ ತಮ್ಮ ಪುಸ್ತಕದಲ್ಲಿ ಮತ್ತೆ ಮತ್ತೆ ಮಾಡಿ ನೋಡುವುದಕ್ಕೆ ಕೊಟ್ಟ ಜಾಗ ದೊಡ್ಡದು. ಮನಶ್ಶಾಸ್ತ್ರದ ಉಳಿದವರಿಗೂ ಈಗ ಅದರ ಬೆಲೆ ತಿಳಿದಿದೆ. 2015ರಲ್ಲಿ ಹಲವು ಲ್ಯಾಬಿನವರು ಸೇರಿ 100 ಪ್ರಕಟಿತ ಅಧ್ಯಯನಗಳನ್ನು ಮತ್ತೆ ಮಾಡಿದಾಗ ಶೇ 36ರಷ್ಟರಲ್ಲಿ ಮಾತ್ರ ಫಲಿತಾಂಶ ಸಂಖ್ಯಾಶಾಸ್ತ್ರದ ಲೆಕ್ಕಕ್ಕೆ ನಿಂತಿತು. ನಿಮ್ಮ ಹನ್ನೊಂದು ಜನ ಒಂದೇ ಪ್ರಯೋಗವನ್ನು ಹನ್ನೊಂದು ಜಾಗದಲ್ಲಿ ಮಾಡಿದರೆ ಮತ್ತೆ ಮಾಡಿ ನೋಡುವ ಕೆಲಸ ಅದರೊಳಗೇ ಆಗಿಹೋಗುತ್ತದೆ. ಇದನ್ನು ಒಬ್ಬಂಟಿ ಲ್ಯಾಬ್ ಮಾಡಲಾರದು. ಉದ್ದೇಶದ ಪುಟದಲ್ಲಿ ಈ ಮಾತನ್ನು ದಪ್ಪ ಅಕ್ಷರದಲ್ಲಿ ಹಾಕಿ.

ಎಲ್ಲ ಪ್ರಶ್ನೆಗೂ ಬಟನ್ನೇ ಬೇಕು ಅಂತಿಲ್ಲ. ಈಗ ಸಿಗುವ ಸ್ವಲ್ಪ ಹಣ ಬೇಕಾ, ತಡವಾಗಿ ಸಿಗುವ ಜಾಸ್ತಿ ಹಣ ಬೇಕಾ ಅನ್ನುವ ಆಯ್ಕೆಯ ಪ್ರಯೋಗಗಳಿವೆ. ತಡವಾದಷ್ಟೂ ಬಹುಮಾನದ ಬೆಲೆ ಹೇಗೆ ಇಳಿಯುತ್ತದೆ ಅಂತ ಮಝೂರ್ 1987ರಲ್ಲಿ ಪಾರಿವಾಳಗಳಿಂದ ತೆಗೆದ ಸೂತ್ರಕ್ಕೆ 1991ರಲ್ಲಿ ರಾಕ್ಲಿನ್ ಮತ್ತು ಜೊತೆಗಾರರು ಕೂರಿಸಿದ ಮನುಷ್ಯರೂ ಹೊಂದಿದರು. ಇಲ್ಲಿ ಮನುಷ್ಯರೂ ಪಾರಿವಾಳವೂ ಒಂದೇ ಆಕಾರದ ಗೆರೆ, ಷೆಡ್ಯೂಲಿನಲ್ಲಿ ಬೇರೆ ಬೇರೆ. ಎಲ್ಲಿ ಒಂದೇ, ಎಲ್ಲಿ ಬೇರೆ, ಯಾಕೆ? ಈ ಒಂದು ಪ್ರಶ್ನೆ ಇಟ್ಟುಕೊಂಡು ಒಂದು ಗುಂಪು ಹತ್ತು ವರ್ಷ ಬದುಕಬಹುದು.

ಎರಡನೆಯದಕ್ಕೆ: ಬೇಡ ಅಂತಲ್ಲ. ಅಂತರರಾಷ್ಟ್ರೀಯ ಮಟ್ಟದಲ್ಲಿ ಅಸೋಸಿಯೇಷನ್ ಫಾರ್ ಬಿಹೇವಿಯರ್ ಅನಾಲಿಸಿಸ್ ಇಂಟರ್‌ನ್ಯಾಷನಲ್ ಅನ್ನುವ ಸಂಘ 1974ರಲ್ಲಿ ಶುರುವಾಯಿತು. ಅದರೊಳಗೆ ಮನುಷ್ಯರ ವರ್ತನೆಯ ಪ್ರಾಯೋಗಿಕ ವಿಶ್ಲೇಷಣೆಗೇ ಅಂತ ಒಂದು ವಿಶೇಷ ಆಸಕ್ತಿ ಗುಂಪು ಇದೆ. ಅವರು 1980ರ ದಶಕದಲ್ಲಿ ಒಂದು ಬುಲೆಟಿನ್ ತರಲು ಶುರು ಮಾಡಿದರು. ದೊಡ್ಡ ಜರ್ನಲ್ಲಿನಲ್ಲಿ ಜಾಗ ಸಿಗದ ಚಿಕ್ಕ ಪ್ರಯೋಗಗಳು, ಪ್ರಯೋಗಕ್ಕೆ ಬೇಕಾದ ಪ್ರೋಗ್ರಾಂಗಳ ವಿವರ ಇಂಥವಕ್ಕೆ ಅದರಲ್ಲಿ ಜಾಗ ಇತ್ತು. ಪ್ರೋಗ್ರಾಂ ಹಂಚಿಕೊಳ್ಳುವ ಆ ಅಭ್ಯಾಸ ನನಗೆ ತುಂಬಾ ಹಿಡಿಸಿತ್ತು. ವಿದ್ಯಾರ್ಥಿಗಳ ಪ್ರಬಂಧ ಸ್ಪರ್ಧೆಯನ್ನೂ ಅವರು ನಡೆಸಿದ್ದಾರೆ.

ನೀವೂ ವಿದ್ಯಾರ್ಥಿಗಳಿಗೆ ಒಂದು ಬಹುಮಾನ ಇಡಿ. ಆದರೆ ಗೆದ್ದವರ ಹೆಸರು ಓದಿ ಮುಗಿಸಬೇಡಿ. ಕಳಿಸಿದ ಪ್ರತಿಯೊಬ್ಬರಿಗೂ ಇಬ್ಬರು ಹಿರಿಯರು ಒಂದು ಪುಟದಷ್ಟು ಅಭಿಪ್ರಾಯ ಬರೆದು ಕೊಡಲಿ. ನಮ್ಮಲ್ಲಿ ಬಹುಮಾನ ಸಿಗದ ಒಬ್ಬ ಹುಡುಗಿ ಆ ಪುಟವನ್ನು ಹಿಡಿದುಕೊಂಡು ಪ್ರಯೋಗವನ್ನು ಮತ್ತೆ ಮಾಡಿದಳು, ಈಗ ಅವಳದ್ದೇ ಲ್ಯಾಬ್ ಇದೆ. ಏನೂ ಸಿಗದ ಫಲಿತಾಂಶಗಳನ್ನೂ ಬರೆಯಲು ಬಿಡಿ. ಟೈಮರ್ ಕೋಡು ಅವರ ಹನ್ನೊಂದು ನೇರ ಗೆರೆ ಇದೆಯಲ್ಲ, ಅದು ಎಲ್ಲೂ ಅಚ್ಚಾಗಲಿಲ್ಲ ಅಂತ ಕಾಣುತ್ತದೆ. ಅದೇ ತಪ್ಪನ್ನು ಈ ವರ್ಷ ಇನ್ಯಾರೋ ಮಾಡುತ್ತಿರುತ್ತಾರೆ.

ಟೈಮರ್_ಕೋಡು

ನಿಜ ಸರ್, ಎಲ್ಲೂ ಬಂದಿಲ್ಲ. ಡೇಟಾ ಹಾಗೇ ಇದೆ. ಬೇಕಿದ್ದರೆ ಗುಂಪಿನ ಮೊದಲ ಬುಲೆಟಿನ್ನಿಗೆ ನಾನೇ ಬರೆದುಕೊಡುತ್ತೇನೆ, ಆ ಸೂಚನೆಯ ಸಾಲನ್ನೂ ಹಾಕಿ.

ಮಕ್ಕಳ_ಮೇಷ್ಟ್ರು

ಬಳ್ಳಿ ಅವರೇ, ಒಂದು ಸಣ್ಣ ಮಾತು. ಸಭೆಯ ಸಮಯ ಕೆಲಸದವರಿಗೆ ಹೊಂದುವ ಹಾಗೆ ಇಡಿ. ಹಗಲು ಹೊತ್ತು ಇಟ್ಟರೆ ಕಾಲೇಜಿನವರು ಮಾತ್ರ ಬರುತ್ತಾರೆ, ಆರು ತಿಂಗಳಲ್ಲಿ ನಮ್ಮ ಪ್ರಶ್ನೆಗಳು ಮಾಯವಾಗುತ್ತವೆ.

ಬೇಸ್‌ಲೈನ್_ಬಳ್ಳಿ

ಸಂಜೆ ಏಳಕ್ಕೆ ಇಡುತ್ತೇನೆ ಮೇಷ್ಟ್ರೇ.

ಯೋಜನೆ ಹೀಗೆ ಬರೆದಿದ್ದೇನೆ. ಮೊದಲ ಮೂರು ತಿಂಗಳು ಎಥಿಕ್ಸ್ ಅರ್ಜಿ ಮತ್ತು ಪ್ರೋಗ್ರಾಂ. ಅರ್ಜಿಗೆ ನಮ್ಮಲ್ಲಿ ಒಬ್ಬರು ಪ್ರೊಫೆಸರ್ ಮುಂದೆ ಬಂದಿದ್ದಾರೆ. ಪ್ರಯೋಗ 60 ಸೆಕೆಂಡಿನದ್ದೇ, ದೊಡ್ಡವರ ಮೇಲೆ ಮಾತ್ರ, ನಮ್ಮ ಕ್ಲಿನಿಕ್ಕಿಗೆ ಬರುವ ಕುಟುಂಬದವರು ಯಾರೂ ಬೇಡ. ಒಬ್ಬೊಬ್ಬರೂ ಇಬ್ಬರ ಮೇಲೆ ನಡೆಸಬೇಕು. ಒಬ್ಬರಿಗೆ ಸೂಚನೆ ಕೊಟ್ಟು, ಇನ್ನೊಬ್ಬರಿಗೆ ಶೇಪಿಂಗ್ ಮಾಡಿ. ಮಧ್ಯದಲ್ಲಿ ಷೆಡ್ಯೂಲ್ ಬದಲಾಯಿಸಬೇಕು. ಆರನೇ ತಿಂಗಳು ಎಲ್ಲರೂ ಗ್ರಾಫ್ ತರಬೇಕು, ಕೆಟ್ಟುಹೋದ ಸೆಷನ್ ಆದರೂ ಬಿಸಾಡುವ ಹಾಗಿಲ್ಲ.

ಉದ್ದೇಶದ ಪುಟದ ಮೊದಲ ಪ್ಯಾರಾದಲ್ಲಿ ಪಾರಿವಾಳ, ಕೂಸು, ದೊಡ್ಡವರ ಗೆರೆಗಳನ್ನು ಇಟ್ಟಿದ್ದೇನೆ. ನಿನ್ನೆ ಅದನ್ನು ಬಟನ್ ಬಗ್ಗೆ ಕೇಳಿದ್ದ ಆ ಹಿರಿಯರಿಗೇ ಕಳಿಸಿದೆ. ಇವತ್ತು ಬೆಳಿಗ್ಗೆ ಉತ್ತರ ಬಂತು: "ಎರಡೂವರೆಯಿಂದ ನಾಲ್ಕು ವರ್ಷದ ಮಕ್ಕಳಲ್ಲಿ ನಡುವೆ ಅಂದರೆ ಹೇಗಿತ್ತು? ಆ ಗ್ರಾಫ್ ಇದ್ದರೆ ಕಳಿಸಮ್ಮಾ."

ಹಳೇ ಲ್ಯಾಬ್ ಸರ್, ಆ 1985ರ ಲೇಖನ ನಿಮ್ಮ ಹತ್ತಿರ ಇದೆಯಾ?